ಏಕರೂಪತೆಯ ಹಂಬಲ: ಕ್ಯಾನರರ ಪ್ರಬಂಧದ ವಿಮರ್ಶೆ

ಬಾಲ್ಟಿಮೋರಿನ ವೈದ್ಯರಾದ ಲಿಯೋ ಕ್ಯಾನರರು ೧೯೪೩ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಆಟಿಸಂ ಎಂಬ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಸ್ಥಾನವನ್ನು ದೊರಕಿಸಿದ ಪ್ರಬಂಧವಿದು. ಕಂಡುದನ್ನು ಕಂಡಂತೆ ಬರೆದುದೇ ಇದರ ಹಿರಿಯ ಗುಣ. ಮೊದಲನೆಯ ಬಾಲಕನು ಗುಂಡಗಿನ ವಸ್ತುಗಳನ್ನು ತಿರುಗಿಸುತ್ತಲೇ ಇರುವನು, ತಡೆದರೆ ಕೆರಳುವನು. ಮಲಗೆದ್ದ ಮೇಲೆ ಅವನು ಕೆಳಗಿಳಿಯಬೇಕಾದರೆ, ಇಳಿಯುವೆಯಾ ಎಂದು ತಾಯಿಯು ಕೇಳಬೇಕು. ಕೇಳಬೇಕಾದ ಆ ಮಾತನ್ನು ಆಕೆಗೆ ಹೇಳಿಕೊಡುವವನೂ ಅವನೇ.

ಇಂತಹ ಆವರ್ತನೆಗಳಿಗೆ ಮೂಲವು ಏಕರೂಪತೆಯನ್ನು ಕಾಪಾಡಿಕೊಳ್ಳಬೇಕೆಂಬ ಭೀತಿಭರಿತವಾದ ಹಂಬಲವೆಂಬುದು ಕ್ಯಾನರರ ಮತ. ಆದರೆ ಅದೇ ಪ್ರಬಂಧದಲ್ಲಿ ಮತ್ತೊಂದು ಮಾತೂ ಇದೆ: ಈ ಮಕ್ಕಳು ಅವಯವಗಳನ್ನೆಲ್ಲ ಪೂರ್ಣವಾಗಿ ಗಮನಿಸದೆ ಸಮಷ್ಟಿಯನ್ನು ಗ್ರಹಿಸಲಾರರು, ಒಂದು ಅಂಶವು ತಪ್ಪಿದರೂ ಸನ್ನಿವೇಶವೇ ಅವರಿಗೆ ಅಪೂರ್ಣ. ಇದು ಬುದ್ಧಿಯ ವ್ಯಾಪಾರವನ್ನು ಕುರಿತ ಮಾತು. ಕ್ಯಾನರರು ಇದನ್ನು ಹೇಳಿಯೂ ಮತ್ತೆ ಭೀತಿಯ ಕಡೆಗೇ ಹೊರಳಿಬಿಡುತ್ತಾರೆ. ಪ್ರಬಂಧದ ದೌರ್ಬಲ್ಯವಿರುವುದು ಇಲ್ಲಿಯೇ.

ಈ ಎರಡು ಎಳೆಗಳನ್ನು ಬಿಡಿಸಿ ನೋಡಲು ಅನುಕೂಲವಾದುದು, ಜೀನಿನ ಕಾರಣವು ಗೊತ್ತಾದ ಸ್ಥಿತಿಗಳಿಂದ. ಅಂತಹುದೊಂದು ಕುಟುಂಬದ ವೃತ್ತಾಂತವನ್ನು ಇಂಗ್ಲೆಂಡಿನ ಮಾರ್ಟಿನ್ ಮತ್ತು ಬೆಲ್ ಅವರು ಪ್ರಕಟಿಸಿದುದೂ ೧೯೪೩ರಲ್ಲಿಯೇ. ಮುಂದೆ ಫ್ರಜೈಲ್ ಎಕ್ಸ್ ಎಂದು ಹೆಸರಾದ ಆ ಸ್ಥಿತಿಯ ಜೀನು ೧೯೯೧ರಲ್ಲಿ ದೊರೆಯಿತು. ಅದರೊಳಗಿನ ಮೂರಕ್ಷರದ ಒಂದು ತುಣುಕು ೨೦೦ಕ್ಕೂ ಮಿಕ್ಕಿ ಮರುಕಳಿಸಿದರೆ ಜೀನು ಕೆಲಸ ನಿಲ್ಲಿಸುವುದು. (ಅಲ್ಲಿಯೂ ಆವರ್ತನೆಯೇ ಎಂಬುದು ಕೇವಲ ಕಾಕತಾಳೀಯ.) ಈ ಸ್ಥಿತಿಯುಳ್ಳ ಅನೇಕರಲ್ಲಿ ಆಟಿಸಂನ ಲಕ್ಷಣಗಳಿರುವುವು, ಸದ್ದು, ಸಂದಣಿ, ಎದುರಿನವರ ನೋಟ, ಇವುಗಳಿಂದ ಉದ್ರೇಕಗೊಂಡಾಗ ಕೈಗಳನ್ನು ಬಡಿಯುವುದೂ ಆಡಿದ ಮಾತನ್ನೇ ಆಡುವುದೂ ಹೆಚ್ಚುವುವು. ಇಲ್ಲಿ ಕ್ಯಾನರರ ಮತವು ಬಹುಮಟ್ಟಿಗೆ ಸಲ್ಲುತ್ತದೆ. ಹದಿನೈದನೆಯ ವರ್ಣತಂತುವಿನಲ್ಲಿ ತಂದೆಯಿಂದ ಬರಬೇಕಾದ ಜೀನುಗಳ ಲೋಪದಿಂದುಂಟಾಗುವ ಪ್ರಾಡರ್-ವಿಲ್ಲಿ ಸ್ಥಿತಿಯ ಸಂಗತಿಯೇ ಬೇರೆ. ದಿನಚರಿ ತಪ್ಪಿದರೆ ಅವರು ಕೇಳಿದ ಪ್ರಶ್ನೆಯನ್ನೇ ಕೇಳುವರು, ಕೋಪಗೊಳ್ಳುವರು. ಗಮನವನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸುವುದೇ ಅವರಿಗೆ ಕಷ್ಟವೆಂದು ಪರೀಕ್ಷೆಗಳಿಂದ ತಿಳಿದಿದೆ. ಕೋಪವು ಆ ಕಷ್ಟದ ಫಲವೆಂದೆಣಿಸಲು ಕಾರಣವಿದೆ.

ಈ ಭೇದವನ್ನರಿಯದೆ ಮಕ್ಕಳನ್ನು ಸಲಹುವುದು ಸಾಧ್ಯವಿಲ್ಲ. ಬೆದರಿದ ಮಗುವಿಗೆ ಸದ್ದಡಗಿಸಿ ನೆಮ್ಮದಿ ಕೊಡಬೇಕು. ಗಮನವನ್ನು ತಿರುಗಿಸಲಾರದ ಮಗುವಿಗೆ ಬದಲಾವಣೆಯನ್ನು ಮುಂಚಿತವಾಗಿ ಗುರುತು ತೋರಿಸಿ ತಿಳಿಸಬೇಕು. ಎರಡನ್ನೂ ಹಟವೆಂದು ಬಗೆದು ದಂಡಿಸುವುದು ಅನ್ಯಾಯ.

ಈ ದೋಷವು ಜನ್ಮಸಿದ್ಧವೆಂದು ಕ್ಯಾನರರು ಕೊನೆಯಲ್ಲಿ ಹೇಳಿದರೂ, ಬಹುಪಾಲು ತಂದೆತಾಯಿಯರಲ್ಲಿ ಅಕ್ಕರೆಯು ಕಡಿಮೆಯೆಂದು ಬರೆದ ಅವರ ಮಾತು ಮುಂದೆ ಎಷ್ಟೋ ತಾಯಂದಿರ ಮೇಲೆ ಅಪವಾದವಾಗಿ ಬಿದ್ದಿತು. ಮಗನು ಹೇಳಿಕೊಟ್ಟ ಪ್ರಶ್ನೆಯನ್ನು ಆ ಬಾಲಕನ ತಾಯಿಯು ಹೇಳಿಕೊಟ್ಟಂತೆಯೇ ಕೇಳುತ್ತಿದ್ದಳೆಂಬುದೂ ಅವರ ಪ್ರಬಂಧದಲ್ಲಿಯೇ ಇದೆ.