ಕಾರ್ತಿಕದ ದಿಂಡಿ

ಮಳೆಗಾಲದಲ್ಲಿ ಕೃಷ್ಣೆಯ ಪ್ರವಾಹಕ್ಕೆ ಮುಳುಗುವ ಕುಡಚಿ–ಉಗಾರ ಸೇತುವೆ ಕಾರ್ತಿಕದ ಹೊತ್ತಿಗೆ ಒಣಗಿರುತ್ತದೆ. ದಾರಿಯ ಎರಡೂ ಕಡೆ ಆಳೆತ್ತರದ ಕಬ್ಬು. ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೊರಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆಷಾಢದ ವಾರಿಗೆ, ಅಂದರೆ ಪಂಢರಪುರದ ಪಾದಯಾತ್ರೆಗೆ, ಹೆಸರು ಹೆಚ್ಚು, ಕೆಸರೂ ಹೆಚ್ಚು. ನನಗಂತೂ ಕಾರ್ತಿಕ ಏಕಾದಶಿಯ ದಿಂಡಿಯೇ ಇಷ್ಟ. ಅಥಣಿ, ಜತ್ತ, ಸಾಂಗೋಲೆ ದಾಟಿದರೆ ಭೀಮೆಯ ತೀರ.

ದಿಂಡಿಯೆಂದರೆ ಹಾಡುತ್ತ ನಡೆಯುವ ಭಕ್ತರ ಸಾಲು: ಮುಂದೆ ಭಗವಾ ಪತಾಕೆ, ಎರಡು ಸಾಲು ತಾಳದವರು, ನಡುವೆ ವೀಣೆ ಹಿಡಿದ ಹಿರಿಯರು, ತಲೆಯ ಮೇಲೆ ತುಳಸಿ ಹೊತ್ತ ಹೆಂಗಸರು. ವೀಣೆಯನ್ನು ನೆಲಕ್ಕಿಡುವಂತಿಲ್ಲ, ದಣಿದವರ ಕೊರಳಿನಿಂದ ಇನ್ನೊಬ್ಬರ ಕೊರಳಿಗೆ ದಾಟುತ್ತದೆ. ಪಖವಾಜಿನ ಪೆಟ್ಟಿಗೆ ಹೆಜ್ಜೆಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಹಿಂದುಳಿದ ಮುದುಕರೂ ಸಾಲು ಸೇರುತ್ತಾರೆ. ಹಾಡುವುದು ಮರಾಠಿ ಅಭಂಗ, ಹರಟುವುದು ಅಥಣಿ ಸೀಮೆಯ ಕನ್ನಡ. ಪಂಢರಪುರದ ವಿಠ್ಠಲನನ್ನು ಕಾನಡಿಗನೆಂದು ಕರೆದವರು ಸಂತ ಜ್ಞಾನೇಶ್ವರರೇ ಅಲ್ಲವೇ!