ಮುಕ್ತಲೋಕದ ಕ್ರೀಡನೀಯಕ: ‘ಪೋಕೆಮಾನ್ ಸ್ಕಾರ್ಲೆಟ್–ವಯೊಲೆಟ್’ ಕೃತಿಯ ರಸವಿಚಾರ

೧

ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ, ದೇವತೆಗಳು ಬ್ರಹ್ಮನ ಬಳಿಗೆ ಹೋಗಿ ಕಣ್ಣಿಗೂ ಕಿವಿಗೂ ಏಕಕಾಲದಲ್ಲಿ ವಿಷಯವಾಗತಕ್ಕ ಆಟದ ಸಾಮಗ್ರಿಯೊಂದನ್ನು ಬೇಡಿದರೆಂಬ ಕಥೆಯುಂಟು. ನಾಟ್ಯವು ಹುಟ್ಟಿದುದು ಆ ಬೇಡಿಕೆಯಿಂದ. ಅಲ್ಲಿ ನಾಟ್ಯಕ್ಕೆ ಸಂದಿರುವ ‘ಕ್ರೀಡನೀಯಕ’ವೆಂಬ ಹೆಸರು ಮನನೀಯವಾದುದು. ಆಟಿಕೆಯೆಂಬ ಒಂದೇ ಕಾರಣದಿಂದ ಯಾವ ವಸ್ತುವೂ ಕಾವ್ಯವಿಚಾರಕ್ಕೆ ಅನರ್ಹವಾಗದೆಂಬುದು ಶಾಸ್ತ್ರದ ಆರಂಭದಲ್ಲಿಯೇ ಸಿದ್ಧವಾದಂತಾಯಿತು. ಹೀಗಿರಲು, ಕೈಯಲ್ಲಿ ಹಿಡಿದು ಆಡುವ ಯಂತ್ರದ ವಿಡಿಯೋ ಆಟಗಳನ್ನು ಪಂಡಿತರು ಕಾಲಹರಣವೆಂದು ತಳ್ಳಿಬಿಡುವುದೂ, ಅಭಿಮಾನಿಗಳು ನೂತನಕಲೆಯೆಂದು ಕೊಂಡಾಡುವುದೂ ಸಮಾನವಾಗಿಯೇ ಅವಿಚಾರಿತವಾದುವು. ಅಂತಹ ಒಂದು ಕೃತಿಯನ್ನು ಲಕ್ಷಣಶಾಸ್ತ್ರದ ಒರೆಗಲ್ಲಿಗೆ ತಿಕ್ಕಿ ನೋಡುವುದೇ ಯುಕ್ತವಾದ ಮಾರ್ಗ.

ಪರೀಕ್ಷೆಗೆ ಎತ್ತಿಕೊಂಡಿರುವ ಕೃತಿಯು ೨೦೨೨ನೆಯ ನವೆಂಬರ್ ೧೮ರಂದು ಪ್ರಕಟವಾದ ‘ಪೋಕೆಮಾನ್ ಸ್ಕಾರ್ಲೆಟ್’ ಮತ್ತು ‘ಪೋಕೆಮಾನ್ ವಯೊಲೆಟ್’ ಎಂಬ ಅವಳಿ. ಜಪಾನಿನ ಗೇಮ್ ಫ್ರೀಕ್ ಸಂಸ್ಥೆಯು ಇದನ್ನು ನಿಂಟೆಂಡೊ ಸಂಸ್ಥೆಯ ‘ಸ್ವಿಚ್’ ಯಂತ್ರಕ್ಕಾಗಿ ರಚಿಸಿತು. ಮೊದಲ ಮೂರು ದಿನಗಳಲ್ಲಿಯೇ ಒಂದು ಕೋಟಿಗೆ ಮೇಲ್ಪಟ್ಟ ಪ್ರತಿಗಳು ಮಾರಾಟವಾದುವೆಂದು ಪ್ರಕಾಶಕರು ತಿಳಿಸಿದರು. ಲೋಕದಲ್ಲಿ ಇಷ್ಟು ಪ್ರಚಾರಕ್ಕೆ ಬಂದ ಕೃತಿಯು ದೊಡ್ಡ ನಗರದ ಮಕ್ಕಳಿಗೆ ಮಾತ್ರ ಸೇರಿದುದಲ್ಲ. ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಂತಹ ಹೋಬಳಿಯ ಊರಿನಲ್ಲಿ ಕುಳಿತು ನೋಡಿದರೆ ಇದರ ಗುಣವೂ ದೋಷವೂ ಇನ್ನಷ್ಟು ನಿಚ್ಚಳವಾಗಿ ಕಾಣುವುವು. ಅದರ ಕಾರಣವು ಮುಂದೆ ವಿಶದವಾಗುವುದು.

೨

ವಸ್ತುಸಂಗ್ರಹವು ಹೀಗಿದೆ. ಐಬೀರಿಯ ಪರ್ಯಾಯದ್ವೀಪವನ್ನು ಹೋಲುವಂತೆ ಕಲ್ಪಿತವಾದ ‘ಪಾಲ್ಡಿಯಾ’ ಎಂಬ ನಾಡು. ಅದರಲ್ಲಿ ಒಂದು ವಿದ್ಯಾಶಾಲೆ. ಆ ಶಾಲೆಗೆ ಹೊಸದಾಗಿ ಸೇರಿದ ವಿದ್ಯಾರ್ಥಿಯೇ ನಾಯಕ, ಅಂದರೆ ಆಡುವವನು. ನಿಧಿಯನ್ನು ಹುಡುಕಿರೆಂದು ಶಾಲೆಯವರು ಮಕ್ಕಳನ್ನು ಹೊರಗೆ ಕಳುಹಿಸುವರು. ನಿಧಿ ಯಾವುದೆಂದು ಹೇಳುವುದಿಲ್ಲ. ಹುಲ್ಲು, ನೀರು, ಹಿಮ, ಗುಹೆಗಳಲ್ಲಿ ವಿಚಿತ್ರಜೀವಿಗಳು ಅಲೆಯುತ್ತಿರುವುವು. ಅವುಗಳೊಡನೆ ಸೆಣಸಿ, ಸೊರಗಿಸಿ, ಒಂದು ಗುಂಡಿನೊಳಗೆ ಹಿಡಿದು, ಪಳಗಿಸಿ, ಬೇರೆಯವರ ಜೀವಿಗಳ ಮೇಲೆ ಕಾದಲು ಬಿಡುವುದು ಆಟದ ಕ್ರಮ. ‘ಪೋಕೆಮಾನ್’ ಎಂಬುದು ‘ಕಿಸೆಯ ಭೂತ’ವೆಂಬರ್ಥದ ಎರಡು ಆಂಗ್ಲಪದಗಳನ್ನು ಜಪಾನೀಯರು ಮೊಟಕುಮಾಡಿ ಬೆಸೆದ ಸಮಾಸ. ಹಿಡಿದ ಪ್ರತಿಯೊಂದು ಜೀವಿಯ ವಿವರವೂ ‘ಪೋಕೆಡೆಕ್ಸ್’ ಎಂಬ ಸಚಿತ್ರನಿಘಂಟಿನಲ್ಲಿ ಒಂದೊಂದು ಪುಸ್ತಕದಂತೆ ಕಪಾಟಿಗೆ ಸೇರುವುದು. ಪಾಲ್ಡಿಯಾದ ನಿಘಂಟಿನಲ್ಲಿರುವುವು ೪೦೦ ಜೀವಿಗಳು.

ಈ ಪರಂಪರೆಯ ಹಿಂದಿನ ಮುಖ್ಯಕೃತಿಗಳಲ್ಲಿ ದಾರಿಯು ಬಹುಮಟ್ಟಿಗೆ ಗೊತ್ತಾಗಿಯೇ ಇರುತ್ತಿತ್ತು. ಇದರಲ್ಲಿ ನಾಡೆಲ್ಲವೂ ತೆರೆದಿದೆ; ಯಾವ ದಿಕ್ಕಿಗಾದರೂ ಹೋಗಬಹುದು. ಆದುದರಿಂದ ಇದಕ್ಕೆ ‘ಮುಕ್ತಲೋಕ’ವೆಂದು ಹೆಸರು. ಪ್ರಶಂಸಕರು ಈ ಸ್ವಾತಂತ್ರ್ಯವನ್ನೇ ಕೃತಿಯ ಜೀವಾಳವೆಂದು ಎಣಿಸುವರು. ಇದು ಪೂರ್ವಪಕ್ಷ.

೩

ದಂಡಿಯೇ ಮೊದಲಾದ ಲಾಕ್ಷಣಿಕರು ಮಹಾಕಾವ್ಯಕ್ಕೆ ಪುರ, ಸಮುದ್ರ, ಪರ್ವತ, ಋತು, ಚಂದ್ರಸೂರ್ಯೋದಯ, ಉದ್ಯಾನ, ಜಲಕ್ರೀಡೆ ಮುಂತಾದ ವರ್ಣನೆಗಳನ್ನು ವಿಧಿಸಿದರು. ಕನ್ನಡದ ಚಂಪೂಕವಿಗಳು ಈ ಅಷ್ಟಾದಶವರ್ಣನೆಗಳನ್ನು ಶ್ರದ್ಧೆಯಿಂದ ಪಾಲಿಸಿದರು. ಕೆಲವರು ವರ್ಣನೆಯಲ್ಲಿಯೇ ಮುಳುಗಿ ಕಥೆಯನ್ನು ಮರೆತರು. ಮುಕ್ತಲೋಕದ ಆಟವು ಈ ದೃಷ್ಟಿಯಲ್ಲಿ ವರ್ಣನೆಗಳನ್ನೆಲ್ಲ ಹರಡಿಟ್ಟು, ಅವುಗಳ ಪೂರ್ವಾಪರವನ್ನು ಓದುಗನಿಗೆ ಬಿಟ್ಟ ಚಂಪುವಿನಂತೆ ತೋರುವುದು. ಹಾಗೆ ಬಿಡುವುದರಿಂದ ರಸಕ್ಕೆ ಲಾಭವೋ ಹಾನಿಯೋ ಎಂಬುದೇ ಪ್ರಶ್ನೆ.

ನಾಟಕದ ಪಂಚಸಂಧಿಗಳನ್ನು ಇಲ್ಲಿ ಅನ್ವಯಿಸಿ ನೋಡಬಹುದು. ಶಾಲೆಗೆ ಸೇರಿ ನಿಧಿಯನ್ವೇಷಣೆಗೆ ಹೊರಡುವವರೆಗಿನ ಮುಖಸಂಧಿಯಲ್ಲಿ ಆಡುವವನಿಗೆ ಸ್ವಾತಂತ್ರ್ಯವು ಬಲು ಕಡಿಮೆ. ನಡುವಣ ಭಾಗದಲ್ಲಿ ಮೂರು ಕಥೆಗಳು ಕವಲೊಡೆಯುವುವು: ಎಂಟು ಗರಡಿಗಳ ನಾಯಕರನ್ನು ಗೆಲ್ಲುವುದು ಒಂದು; ಐದು ಮಹಾಕಾಯಜೀವಿಗಳನ್ನು ಎದುರಿಸುವುದು ಒಂದು; ಸಹಪಾಠಿಗಳ ಕಾಟದಿಂದ ನೊಂದು ಶಾಲೆಯನ್ನು ತೊರೆದ ಮಕ್ಕಳ ಗುಂಪನ್ನು ಕುರಿತುದು ಮತ್ತೊಂದು. ಇವುಗಳನ್ನು ಹೇಗೆ ಬೇಕಾದರೂ ಹೆಣೆದುಕೊಳ್ಳಬಹುದು. ಆದರೆ ಮೂರೂ ಮುಗಿಯದೆ ಕೊನೆಯ ಕಥೆಯ ಬಾಗಿಲು ತೆರೆಯದು. ಹೀಗೆ ಮುಖವನ್ನೂ ನಿರ್ವಹಣವನ್ನೂ ಕವಿಯು ತನ್ನ ಕೈಯಲ್ಲಿಟ್ಟುಕೊಂಡು, ಪ್ರತಿಮುಖ, ಗರ್ಭ, ವಿಮರ್ಶಗಳನ್ನು ಆಡುವವನಿಗೆ ಬಿಟ್ಟಿದ್ದಾನೆ. ಬಂಧದ ಈ ಯೋಜನೆಯು ಜಾಣತನದ್ದೇ ಸರಿ.

ಆದರೆ ನಡುವಣ ಸ್ವಾತಂತ್ರ್ಯವನ್ನು ಕೆದಕಿದರೆ ಅದು ಶಬ್ದಮಾತ್ರವಾಗಿ ಉಳಿಯುವುದು. ಗರಡಿಯ ನಾಯಕರ ಬಲವು ಮೊದಲೇ ನಿಗದಿಯಾಗಿದೆ. ಹುಳುಜಾತಿಯ ಜೀವಿಗಳ ಗರಡಿಯಲ್ಲಿ ಅದು ೧೫ನೆಯ ಮಟ್ಟ. ಹಿಮಜಾತಿಯ ಗರಡಿಯಲ್ಲಿ ೪೮ನೆಯ ಮಟ್ಟ. ಆಡುವವನು ಎತ್ತಣಿಂದ ಬಂದರೂ ಈ ಸಂಖ್ಯೆಗಳು ಬದಲಾಗುವುದಿಲ್ಲ. ಹಿಮದ ಗರಡಿಗೆ ಮೊದಲು ಹೋದವನು ಸೋತು ಹಿಂದಿರುಗುವನು. ಅದನ್ನು ಗೆದ್ದ ಮೇಲೆ ಹುಳುಗಳ ಗರಡಿಗೆ ಬಂದವನಿಗೆ ಎದುರಾಳಿಯೇ ಇಲ್ಲದಂತಾಗಿ ವೀರರಸವು ನಗೆಪಾಟಲಾಗುವುದು. ಕ್ರಮವನ್ನು ತೆಗೆದುಹಾಕಿದೆನೆಂದು ಹೇಳಿ ಅದನ್ನು ಮರೆಮಾಡಿದುದಷ್ಟೇ ಇಲ್ಲಿ ನಡೆದಿದೆ. ಅನೌಚಿತ್ಯಕ್ಕಿಂತ ಮಿಗಿಲಾದ ರಸಭಂಗಕಾರಣವಿಲ್ಲವೆಂದು ಆನಂದವರ್ಧನನು ನಿರ್ಣಯಿಸಿದುದು ಇಂತಹ ಸ್ಥಳಗಳಿಗೆ ಸಲ್ಲುವುದು.

ಪ್ರಕಟವಾದಾಗ ಚಿತ್ರಗಳು ತಡೆತಡೆದು ಚಲಿಸುತ್ತಿದ್ದುದು, ದೂರದ ಮನುಷ್ಯರು ಬೊಂಬೆಗಳಂತೆ ಜಗ್ಗುತ್ತಿದ್ದುದು ಮೊದಲಾದ ದೋಷಗಳನ್ನು ಅನೇಕರು ದೊಡ್ಡದು ಮಾಡಿದರು. ಅವು ಶ್ರುತಿಕಟುತ್ವದಂತೆ ಮೇಲ್ಮೈಯ ದೋಷಗಳು. ೨೦೨೫ರಲ್ಲಿ ಬಂದ ಹೊಸ ಯಂತ್ರದಲ್ಲಿ ಅವು ಬಹುಪಾಲು ತಿದ್ದಿಕೊಂಡುವು. ಮೇಲೆ ಹೇಳಿದ ಬಂಧದೋಷವು ಯಂತ್ರವನ್ನು ಬದಲಾಯಿಸಿದರೆ ಹೋಗತಕ್ಕದ್ದಲ್ಲ.

೪

ಈ ಜೀವಿಗಳ ಕಾದಾಟವು ಕನ್ನಡನಾಡಿನ ವಿದ್ವಾಂಸರಿಗೆ ಅಪರಿಚಿತವಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ವಿನೋದಗಳಿಗಾಗಿಯೇ ಒಂದು ವಿಂಶತಿಯಿದೆ. ಹುಂಜ, ಲಾವಕ್ಕಿ, ಟಗರು, ಕೋಣಗಳ ಕಾಳಗ, ಪಾರಿವಾಳ, ನಾಯಿ, ಗಿಡುಗ, ಮೀನುಗಳ ವಿನೋದ ಎಲ್ಲವೂ ಅಲ್ಲಿ ಸಶಾಸ್ತ್ರವಾಗಿ ನಿರೂಪಿತವಾಗಿವೆ. ಜೀವಿಗಳನ್ನು ಸಂಗ್ರಹಿಸಿ, ಜಾತಿಭೇದಗಳನ್ನು ಗುರುತಿಸಿ, ಕಾದಲು ಬಿಟ್ಟು ನೋಡುವ ಕುತೂಹಲವು ಅಂದಿನ ಅರಮನೆಗೂ ಇಂದಿನ ಕೈಯಂತ್ರಕ್ಕೂ ಸಮಾನ. ವ್ಯತ್ಯಾಸವೆಂದರೆ, ಅರಮನೆಯ ಕಾಳಗದಲ್ಲಿ ರಕ್ತವು ನಿಜವಾದುದು. ಆಟದಲ್ಲಿ ಸೋತ ಜೀವಿಯು ಮೂರ್ಛೆಹೋಗುವುದಷ್ಟೆ. ದಾರಿಯ ಬದಿಯ ಚಿಕಿತ್ಸಾಲಯದಲ್ಲಿ ಕ್ಷಣಮಾತ್ರದಲ್ಲಿ, ಕಾಸಿಲ್ಲದೆ ಎಚ್ಚರಗೊಳ್ಳುವುದು. ಮಕ್ಕಳ ಕೃತಿಗೆ ಇದು ಉಚಿತವೆನ್ನಬಹುದು. ಆದರೆ ಮರಳಿ ಬಾರದ ಹಾನಿಯ ಸಂಭವವಿಲ್ಲದ ಕಡೆ ಶೋಕವು ಸ್ಥಾಯಿಯಾಗಲಾರದು.

ಈ ಕೊರತೆಯು ಅನುಗೊಂಡನಹಳ್ಳಿಯ ಸುತ್ತಿನ ಒಕ್ಕಲು ಮಕ್ಕಳಿಗೆ ತಟ್ಟನೆ ಹೊಳೆಯತಕ್ಕದ್ದು. ೧೯೯೬ರ ಮೊದಲ ಆಟದಿಂದಲೂ ಪ್ರಸಿದ್ಧವಾದ ‘ಕ್ಯಾಟರ್‌ಪಿ’ ಎಂಬ ಹಸಿರು ಹುಳು ೭ನೆಯ ಮಟ್ಟದಲ್ಲಿ ಗೂಡಾಗಿ, ೧೦ನೆಯ ಮಟ್ಟದಲ್ಲಿ ಚಿಟ್ಟೆಯಾಗುವುದು. ಹಿಪ್ಪುನೇರಳೆ ಬೆಳೆಯುವ ಈ ಸೀಮೆಯಲ್ಲಿ ಹುಳು ನಾಲ್ಕು ಜ್ವರಗಳನ್ನು ದಾಟಿ, ಹಣ್ಣಾಗಿ, ಚಂದ್ರಿಕೆಯ ಮೇಲೆ ಗೂಡು ಕಟ್ಟುವುದನ್ನು ಕಂಡವರಿಗೆ ರೂಪಾಂತರವು ಹೊಸದೇನಲ್ಲ. ಆದರೆ ಅವರು ಇನ್ನೊಂದನ್ನೂ ಬಲ್ಲರು. ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಗೂಡಿನಿಂದ ಪತಂಗವು ಹೊರಡುವುದಿಲ್ಲ. ಗೂಡು ಬಿಸಿನೀರಿಗೆ ಬೀಳುವುದು, ನೂಲು ಹೊರಡುವುದು. ಜೀವಿಗೂ ಜೀವನೋಪಾಯಕ್ಕೂ ಇರುವ ಈ ಕಠಿಣಸಂಬಂಧವು ಪಾಲ್ಡಿಯಾದ ಲೋಕಕ್ಕೆ ತಿಳಿಯದು. ಅಲ್ಲಿ ಪ್ರತಿಯೊಂದು ಗೂಡೂ ಚಿಟ್ಟೆಯಾಗಲೇಬೇಕು.

ಇದಕ್ಕೆ ಅಪವಾದವಾದ ಒಂದು ಉಪಕಥೆಯು ಕೃತಿಯ ಗೌರವವನ್ನು ಕಾಪಾಡಿದೆ. ಆರ್ವೆನ್ ಎಂಬ ಬಾಲಕನ ನಾಯಿಯು ಗಾಯಗೊಂಡು, ಸಾಮಾನ್ಯ ಚಿಕಿತ್ಸೆಗೆ ಬಗ್ಗದೆ ಮಲಗಿದೆ. ಐದು ಮಹಾಕಾಯಜೀವಿಗಳು ಕಾಯುವ ಐದು ಮೂಲಿಕೆಗಳನ್ನು ತಂದು, ಅಡಿಗೆಮಾಡಿ, ಅವನು ಅದಕ್ಕೆ ತಿನ್ನಿಸುವನು. ಒಂದೊಂದು ಮೂಲಿಕೆಗೂ ಒಂದಿಷ್ಟು ಚೇತರಿಕೆ. ಮೂಲಿಕೆಗಳ ರುಚಿಗಳು ಸಿಹಿ, ಹುಳಿ, ಉಪ್ಪು, ಖಾರ, ಕಹಿ. ಷಡ್ರಸಗಳಲ್ಲಿ ಒಗರೊಂದು ಬಿಟ್ಟುಹೋಯಿತೆಂದು ಆಯುರ್ವೇದಜ್ಞರು ನಗಬಹುದು. ಆದರೆ ಕಾವ್ಯರಸವು ಮಾತ್ರ ಇಲ್ಲಿ ಪೂರ್ಣವಾಗಿ ಪರಿಪಾಕಗೊಂಡಿದೆ. ಬಾಲಕನನ್ನು ಬಿಟ್ಟು ಸಂಶೋಧನೆಯಲ್ಲಿ ಮುಳುಗಿದ್ದ ತಾಯಿ (ಅವಳಿಯ ಇನ್ನೊಂದು ಕೃತಿಯಲ್ಲಿ ತಂದೆ) ಬಹುಕಾಲದ ಹಿಂದೆಯೇ ಮೃತಳೆಂದೂ, ಇದುವರೆಗೆ ಮಾತಾಡುತ್ತಿದ್ದುದು ಅವಳ ರೂಪದ ಯಂತ್ರವೆಂದೂ ಕಡೆಯಲ್ಲಿ ತಿಳಿದಾಗ, ಚಿಕಿತ್ಸಾಲಯದ ಸುಲಭಸಂಜೀವಿನಿಯು ಮನುಷ್ಯನಿಗೆ ಎಟುಕದೆಂಬುದು ಧ್ವನಿತವಾಗುವುದು. ಇದು ಕರುಣ, ಉಳಿದುದೆಲ್ಲವೂ ಅದ್ಭುತಕ್ಕೆ ಅಂಗ. ಕೃತಿಯ ಅಂಗಿರಸವು ಅದ್ಭುತವೇ, ಸ್ಥಾಯಿಯು ವಿಸ್ಮಯವೇ.

೫

ಹಾಗಾದರೆ ಈ ವಿಸ್ಮಯದ ಮೂಲವೆಲ್ಲಿ? ಸ್ವಾತಂತ್ರ್ಯದಲ್ಲಲ್ಲ, ಪರಿಚಯದಲ್ಲಿ, ಎಂದರೆ ಕಂಡ ಜೀವಿಗೆ ಹೆಸರಿದೆಯೆಂದು ತಿಳಿಯುವುದರಲ್ಲಿ. ಇದು ಸಿದ್ಧಾಂತ. ಉದಾಹರಣೆಗೆ, ಮರಳಿನಲ್ಲಿ ತಲೆಯೆತ್ತಿ ನಿಂತ ‘ವಿಗ್ಲೆಟ್’ ಎಂಬ ಕಡಲಜೀವಿಯು, ಹಳೆಯ ಕೃತಿಗಳ ‘ಡಿಗ್ಲೆಟ್’ ಎಂಬ ನೆಲದ ಜೀವಿಯಂತೆಯೇ ಕಾಣುವುದು. ನಿಘಂಟನ್ನು ನೋಡಿದರೆ ಎರಡಕ್ಕೂ ಸಂಬಂಧವಿಲ್ಲ. ಭ್ರಾಂತಿಮದಲಂಕಾರವು ಇಲ್ಲಿ ಆಡುವವನ ಕಣ್ಣಿನಲ್ಲಿಯೇ ನಡೆದುಹೋಗುವುದು. ಅನಂತರ ಆ ಕಣ್ಣು ಇನ್ನೂ ಸೂಕ್ಷ್ಮವಾಗುವುದು. ಇದಲ್ಲದೆ, ಅವಳಿಯ ಒಂದರಲ್ಲಿರುವ ಕೆಲವು ಜೀವಿಗಳು ಮತ್ತೊಂದರಲ್ಲಿಲ್ಲವಾದುದರಿಂದ, ಇನ್ನೊಬ್ಬರೊಡನೆ ಕೊಡುಕೊಳೆಯಿಲ್ಲದೆ ನಿಘಂಟು ತುಂಬದು.

ಈ ಗುಣಕ್ಕೆ ಕಾರಣವು ಕೃತಿಯ ಜನ್ಮವೃತ್ತಾಂತದಲ್ಲಿದೆ. ಪರಂಪರೆಯ ಪ್ರವರ್ತಕನಾದ ಸಾತೊಶಿ ತಾಜಿರಿಯು ೧೯೬೫ರಲ್ಲಿ ಹುಟ್ಟಿ, ಟೋಕಿಯೋ ನಗರದ ಅಂಚಿನ ಮಾಚಿದಾದಲ್ಲಿ ಬೆಳೆದನು. ಬಾಲ್ಯದಲ್ಲಿ ಅವನಿಗೆ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುವ ಗೀಳು. ನಗರವು ಹಬ್ಬಿದಂತೆ ಅಲ್ಲಿನ ಹೊಲಗಳೂ ಕೊಳಗಳೂ ಕಟ್ಟಡಗಳ ಅಡಿಗೆ ಹೋದುವು, ಹುಳುಗಳೂ ಹೋದುವು. ಕಳೆದುಹೋದ ಆ ಸುಖವನ್ನು ಮುಂದಿನ ಮಕ್ಕಳಿಗೆ ಕೊಡಬೇಕೆಂಬ ಸಂಕಲ್ಪದಿಂದ, ೧೫೧ ಜೀವಿಗಳ ಮೊದಲ ಆಟವು ೧೯೯೬ನೆಯ ಫೆಬ್ರವರಿ ೨೭ರಂದು ಜಪಾನಿನಲ್ಲಿ ಹೊರಬಂದಿತು. ಇಂದು ಪರಂಪರೆಯ ಜೀವಿಗಳ ಸಂಖ್ಯೆ ಸಾವಿರವನ್ನು ಮೀರಿದೆ. ಮಹಾಭಾರತದ ಆದಿಪರ್ವದಲ್ಲಿ ಇಂದ್ರಪ್ರಸ್ಥದ ನೆರೆಯ ಖಾಂಡವವನವು ಅಗ್ನಿಗೆ ಆಹುತಿಯಾದಾಗ ಉಳಿದವರು ಆರೇ ಮಂದಿ. ಅವರಲ್ಲಿ ನಾಲ್ಕು ಶಾರ್ಙ್ಗಕಪಕ್ಷಿಯ ಮರಿಗಳು. ವ್ಯಾಸರು ಆ ಮರಿಗಳ ಹೆಸರುಗಳನ್ನೂ ತಾಯಿ ಜರಿತೆಯ ಹೆಸರನ್ನೂ ಬಿಡದೆ ಹೇಳಿದ್ದಾರೆ. ಸುಟ್ಟ ಕಾಡಿಗೆ ಕಾವ್ಯವು ಸಲ್ಲಿಸಬಹುದಾದ ತರ್ಪಣವೆಂದರೆ ನಾಮಸ್ಮರಣೆ. ತಾಜಿರಿಯ ನಿಘಂಟು ಅದೇ ಜಾತಿಯದು.

ಮಾಚಿದಾ ಅಂದು ನಿಂತಿದ್ದ ಸ್ಥಿತಿಯಲ್ಲಿ ಅನುಗೊಂಡನಹಳ್ಳಿಯ ಸೀಮೆಯು ಇಂದು ನಿಂತಿದೆ. ರಾಗಿ, ಹಿಪ್ಪುನೇರಳೆ, ನೀಲಗಿರಿ ತೋಪುಗಳ ಹೊಸಕೋಟೆ ತಾಲ್ಲೂಕು ಬೆಂಗಳೂರಿನ ನಿವೇಶನಗಳಿಗೂ ಗೋದಾಮುಗಳಿಗೂ ಹೆದ್ದಾರಿಗಳಿಗೂ ನೆಲವಾಗುತ್ತಿದೆ. ಹೊಸಕೋಟೆಯ ದೊಡ್ಡಕೆರೆಯಲ್ಲಿ ಇಂದಿಗೂ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಮಿಂಚುಳ್ಳಿಗಳನ್ನು ನೋಡಲು ಜನರು ದೂರದಿಂದ ಬರುವರು. ಈ ಊರಿನ ಬಾಲಕನೊಬ್ಬನು ಪಾಲ್ಡಿಯಾದ ನಿಘಂಟನ್ನು ತುಂಬುತ್ತಿದ್ದರೆ, ಅವನು ಆಡುತ್ತಿರುವುದು ತನ್ನಂತೆಯೇ ನಗರದ ಅಂಚಿನಲ್ಲಿ ಬೆಳೆದ ಇನ್ನೊಬ್ಬ ಬಾಲಕನ ನೆನಪನ್ನು. ಕೃತಿಯ ಗೂಢವ್ಯಂಗ್ಯವಿದು. ಟೋಕಿಯೋ ಹಬ್ಬಿ ಮುಗಿದ ಊರಿನಲ್ಲಿ ಅದು ಗತಸ್ಮರಣೆ; ಇಲ್ಲಿಯಾದರೋ ಮುನ್ಸೂಚನೆ.

೬

ಇಲ್ಲಿಗೆ ಭಾಷೆಯ ಪ್ರಶ್ನೆಯೂ ಬಂದು ಸೇರುವುದು. ಈ ಕೃತಿಯನ್ನು ಒಂಬತ್ತು ಭಾಷಾರೂಪಗಳಲ್ಲಿ ಆಡಬಹುದು. ಅವುಗಳಲ್ಲಿ ಭಾರತೀಯಭಾಷೆ ಒಂದೂ ಇಲ್ಲ. ಬೆಂಕಿಯುಗುಳುವ ಮೊಸಳೆಮರಿಗೆ ಜಪಾನಿಯಲ್ಲಿ ‘ಹೊಗೇಟ’, ಆಂಗ್ಲದಲ್ಲಿ ‘ಫ್ಯೂಕೊಕೊ’, ಜರ್ಮನಿಯಲ್ಲಿ ‘ಕ್ರೋಕೆಲ್’, ಫ್ರೆಂಚಿನಲ್ಲಿ ‘ಶೊಶೊಡೀಲ್’ ಎಂದು ಹೆಸರು. ಮೂಲನಾಮವನ್ನು ಹಾಗೆಯೇ ಬರೆದುಬಿಡದೆ, ಆಯಾ ನುಡಿಯ ಮಕ್ಕಳಿಗೆ ಅರ್ಥವು ಮಿಂಚುವಂತೆ ಹೊಸದಾಗಿ ಕಟ್ಟಿದ ಪದಗಳಿವು. ಕನ್ನಡದ ಬಾಲಕನಿಗೆ ದೊರೆತಿರುವುದು ಆಂಗ್ಲನಾಮ. ಅದರಲ್ಲಿ ಸ್ಪೇನಿನ ನುಡಿಯ ‘ಬೆಂಕಿ’ಯೂ ‘ಮೊಸಳೆ’ಯೂ ಅಡಗಿರುವುದು ಅವನಿಗೆ ತಿಳಿಯುವ ಬಗೆಯಿಲ್ಲ. ಹೆಸರೇ ರಸಮೂಲವಾದ ಕೃತಿಯಲ್ಲಿ ಹೆಸರು ಮೂಕವಾದರೆ ಅರ್ಧ ರಸವು ನಷ್ಟವಾದಂತೆಯೇ. ಆ ಮೊಸಳೆಗೆ ಕನ್ನಡದಲ್ಲಿ ಹೆಸರಿಡುವುದಾದರೆ ‘ಅಗ್ನಿಮೊಸಳೆ’ಯೆಂಬುದು ಅರಿಸಮಾಸವಾದೀತು, ‘ಕಿಚ್ಚುಮೊಸಳೆ’ಯೆಂಬುದು ವ್ಯಾಕರಣಕ್ಕೂ ಕಿವಿಗೂ ಒಪ್ಪುವುದು. ಸಾಹಿತ್ಯದ ಉಪಾಧ್ಯಾಯರು ಸಮಾಸಪ್ರಕರಣವನ್ನು ಬೋಧಿಸುವಾಗ ಇಂತಹ ನಾಲ್ಕು ಹೆಸರುಗಳನ್ನು ಮಕ್ಕಳಿಂದಲೇ ಕಟ್ಟಿಸಿದರೆ ಸೂತ್ರವೂ ನಿಲ್ಲುವುದು, ಸಂತೋಷವೂ ಆಗುವುದು.

ನಿಜಜೀವಿಗಳ ನಿಘಂಟಿಗೂ ಇಲ್ಲಿ ಎಡೆಯುಂಟು. ೨೦೦೨ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಸ್ಥಳೀಯಸಂಸ್ಥೆಗಳ ಮಟ್ಟದಲ್ಲಿ ಸಮಿತಿಗಳೇರ್ಪಟ್ಟು, ಊರಿನ ಗಿಡ, ಪ್ರಾಣಿ, ಪಕ್ಷಿಗಳನ್ನೂ ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನೂ ‘ಜನತಾ ಜೀವವೈವಿಧ್ಯ ದಾಖಲಾತಿ’ಯಲ್ಲಿ ಬರೆದಿಡತಕ್ಕದ್ದೆಂದು ವಿಧಿಯಾಗಿದೆ. ನೋಡುವುದು, ಬೇರೆಮಾಡಿ ಗುರುತಿಸುವುದು, ಹೆಸರನ್ನು ಕೇಳಿ ಬರೆಯುವುದು ಎಂಬ ಮೂರು ಕೆಲಸಗಳು ಈ ದಾಖಲಾತಿಗೂ ಪೋಕೆಡೆಕ್ಸಿಗೂ ಸಮಾನ. ಎರಡನೆಯದರಲ್ಲಿ ಪಳಗಿದ ಕಣ್ಣು ಮೊದಲನೆಯದಕ್ಕೆ ಅಪ್ರಯೋಜಕವಾಗದು. ಆದರೆ ಹಿಡಿಯದೆಯೇ ಅರಿಯಬಹುದೆಂಬ ಪಾಠವನ್ನು ಆ ಕಣ್ಣಿಗೆ ಹೊಸದಾಗಿ ಕಲಿಸಬೇಕು. ಪಾಲ್ಡಿಯಾದಲ್ಲಿ ಕಿಸೆಗೆ ಬಾರದ ಜೀವಿಯ ವಿವರವು ನಿಘಂಟಿನಲ್ಲಿ ಪೂರ್ಣವಾಗದು. ಕೆರೆಯ ಹೆಜ್ಜಾರ್ಲೆಯು ಯಾರ ಕಿಸೆಗೂ ಬಾರದು.

ಒಟ್ಟಿನಲ್ಲಿ, ಬಂಧದಲ್ಲಿ ಶಿಥಿಲವಾದರೂ, ಕರುಣದಲ್ಲಿ ವಿರಳವಾದರೂ, ಪರಿಚಯಜನ್ಯವಾದ ವಿಸ್ಮಯದಲ್ಲಿ ಈ ಕೃತಿಯು ಸಹೃದಯರ ಆದರಕ್ಕೆ ಅರ್ಹವಾಗಿದೆ. ಉತ್ತಮಕಾವ್ಯವೆಂದು ಹೇಳಲಾಗದು; ಮಧ್ಯಮಕಾವ್ಯದ ಪಂಕ್ತಿಯಲ್ಲಿ ಇದಕ್ಕೆ ನಿಸ್ಸಂದೇಹವಾಗಿ ಸ್ಥಾನವುಂಟು. ಮಾಚಿದಾದ ಬಾಲಕನು ತನ್ನ ಹೊಲವು ಹೋದ ಮೇಲೆ ನಿಘಂಟನ್ನು ಬರೆದನು. ಅನುಗೊಂಡನಹಳ್ಳಿಯ ಬಾಲಕನಿಗೆ ಹೊಲವು ಇರುವಾಗಲೇ ಅದನ್ನು ಬರೆಯುವ ಅವಕಾಶವಿದೆ.