ಪಿಯಾನೊ ತೊರೆದು ಮರಳಿದವರ ಸ್ತುತಿಗೀತೆ

ಜಾಝ್ ಎಂದೊಡನೆ ನಮ್ಮ ಧರ್ಮಕೇಂದ್ರಗಳ ಹಿರಿಯರಿಗೆ ಕ್ಲಬ್ಬು, ಕುಡಿತ, ಕುಣಿತಗಳೇ ನೆನಪಾಗುತ್ತವೆ. ಅಮೆರಿಕದ ಕಪ್ಪು ಜನರ ಬಾಳಿನಿಂದ ಹುಟ್ಟಿದ ಸಂಗೀತವದು. ಇದ್ದ ಧಾಟಿಯೊಂದನ್ನು ಹಿಡಿದು ನುಡಿಸುವವರು ಆ ಗಳಿಗೆಯ ಮನೋಧರ್ಮದಂತೆ ಅದನ್ನು ಬೆಳೆಸುತ್ತಾರೆ; ನಮ್ಮ ವಿದ್ವಾಂಸರ ರಾಗ ವಿಸ್ತಾರವನ್ನು ಬಲ್ಲವರಿಗೆ ಇದು ತೀರ ಅಪರಿಚಿತವಲ್ಲ. ಈ ಸಂಗೀತದ ಹೆಸರಾಂತ ಪಿಯಾನೊ ವಾದಕಿ ಮೇರಿ ಲೂ ವಿಲಿಯಮ್ಸ್ (1910-1981) ಸಂತ ಮಾರ್ಟಿನ್ ದೆ ಪೊರೆಸರ ಮೇಲೆ ರಚಿಸಿದ ಸ್ತುತಿಗೀತೆ ನಮ್ಮ ಗಾನವೃಂದಗಳು ಕೇಳಲೇಬೇಕಾದ ಕೃತಿ.

ಆಕೆ 1954ರಲ್ಲಿ ಪ್ಯಾರಿಸ್ಸಿನಲ್ಲಿ ವೇದಿಕೆಯಿಂದ ಎದ್ದು ನಡೆದವರು ಮೂರು ವರ್ಷ ಕಛೇರಿ ನೀಡಲಿಲ್ಲ. ನ್ಯೂಯಾರ್ಕಿನಲ್ಲಿ ಪ್ರಾರ್ಥನೆಯಲ್ಲಿ ಮುಳುಗಿದರು. ಮಾದಕ ವಸ್ತುಗಳಿಗೆ ದಾಸರಾಗಿದ್ದ ವಾದ್ಯಗಾರರನ್ನು ತಮ್ಮ ಮನೆಗೇ ಕರೆತಂದು ಅನ್ನವಿಟ್ಟರು. 1957ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಮುಂದೆ ಅದೇ ಸೇವೆಗೆಂದು 'ಬೆಲ್ ಕಾಂಟೊ' ಎಂಬ ಪ್ರತಿಷ್ಠಾನ ಕಟ್ಟಿ, ಹಾರ್ಲೆಮ್ಮಿನಲ್ಲಿ ಹಳೆಯ ಬಟ್ಟೆಬರೆ ಮಾರುವ ಅಂಗಡಿ ತೆರೆದರು. ಹಣ ಸಾಲದೆ ಅದು ಬಹುಕಾಲ ನಿಲ್ಲಲಿಲ್ಲ.

ಈ ಬದುಕನ್ನು 'ಲೋಕದ ಸಂಗೀತ ಬಿಟ್ಟು ದೇವರ ಸೇವೆ ಹಿಡಿದವರು' ಎಂದು ಹೇಳಿ ಮುಗಿಸುವುದು ಸುಲಭ. ಭಕ್ತಿಪುಸ್ತಕಗಳಿಗೆ ಅದು ಒಪ್ಪುವ ಕಥೆಯೂ ಹೌದು. ಆದರೆ ನಡೆದದ್ದು ಬೇರೆ. ಮರಳಿ ಪಿಯಾನೊ ಮುಂದೆ ಕುಳಿತುಕೊಳ್ಳುವಂತೆ ಆಕೆಯನ್ನು ಒತ್ತಾಯಿಸಿದವರಲ್ಲಿ ಗುರುಗಳೇ ಇದ್ದರು. ಊರ್ಡಿಗೆರೆಯ ಕಡೆಯೇ ಆಗಲಿ, ಬೆಂಗಳೂರಿನಲ್ಲೇ ಆಗಲಿ, ತಬಲಾ ಹಿಡಿದ ಹುಡುಗನಿಗೆ 'ಇದರಿಂದ ಯಾರಿಗೆ ಉಪಕಾರ?' ಎಂದು ಕೇಳುವ ನಾವು ಈ ಸಂಗತಿಯನ್ನು ಗಮನಿಸಬೇಕು.

ಸ್ಪೇನಿನ ತಂದೆಗೂ ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪು ತಾಯಿಗೂ 1579ರಲ್ಲಿ ಲಿಮಾದಲ್ಲಿ ಹುಟ್ಟಿದ ಮಾರ್ಟಿನ್, ದೊಮಿನಿಕರ ಮಠದಲ್ಲಿ ಕಸ ಗುಡಿಸಿ ರೋಗಿಗಳ ಆರೈಕೆ ಮಾಡಿದ ಸಹೋದರ. 1962ರ ಮೇ ತಿಂಗಳಲ್ಲಿ ಜಗದ್ಗುರು 23ನೇ ಯೊವಾನ್ನರು ಅವರನ್ನು ಸಂತಪದವಿಗೇರಿಸಿದರು. ಅದೇ ವರ್ಷ ಮೇರಿ ಲೂ ಈ ಗೀತೆ ಕಟ್ಟಿದರು. ಸಾಹಿತ್ಯ ಯೇಸುಸಭೆಯ ಫಾದರ್ ಆಂಥೊನಿ ವುಡ್ಸ್ ಅವರದು. ಸಾಹಿತ್ಯ ಸರಳ ಭಕ್ತಿಯದು, ಅಷ್ಟೇ. ಗೀತೆಯನ್ನು ಎತ್ತಿ ನಿಲ್ಲಿಸುವುದು ಸ್ವರ ಸಂಯೋಜನೆ. ಬಹುಪಾಲು ಹಾಡುಗಾರರ ಕಂಠವೊಂದೇ. ಸ್ವರಗಳು ಒಂದರ ಮೇಲೊಂದು ಒತ್ತಿ ನಿಂತು, ತುಸು ಕಟುವಾಗಿ, ನಿಧಾನಕ್ಕೆ ಸಾಗುತ್ತವೆ. ಇಷ್ಟು ದೊಡ್ಡ ವಾದಕಿ ತನ್ನ ವಾದ್ಯವನ್ನು ತಡೆಹಿಡಿದು ಕೂರುತ್ತಾರೆ. ಪಿಯಾನೊ ಬರುವುದು ಸ್ವಲ್ಪ ಹೊತ್ತು ಮಾತ್ರ. ಬಂದಾಗ ಕುಣಿತದ ಲಯವನ್ನೇ ತರುತ್ತದೆ, ಸಂಕೋಚವಿಲ್ಲದೆ. ಪೊರಕೆ ಹಿಡಿದ ಸಂತರಿಗೆ ಇದಕ್ಕಿಂತ ಒಪ್ಪುವ ಸಂಗೀತ ನನಗೆ ತಿಳಿಯದು.

1975ರಲ್ಲಿ ನ್ಯೂಯಾರ್ಕಿನ ಸಂತ ಪ್ಯಾಟ್ರಿಕರ ಪ್ರಧಾನಾಲಯದಲ್ಲಿ ಆಕೆಯ ಬಲಿಪೂಜಾ ಸಂಗೀತ ಮೊಳಗಿತು. ಇತಿಹಾಸದಲ್ಲಿ ಅದರ ಸ್ಥಾನ ದೊಡ್ಡದು. ಆದರೂ ಅದರ ಕೆಲವು ಭಾಗಗಳು ಆ ಕಾಲದ ಯುವಜನರನ್ನು ಮೆಚ್ಚಿಸುವ ಆತುರದಲ್ಲಿವೆ ಎನಿಸುತ್ತದೆ. ನಮ್ಮ ಕೀಬೋರ್ಡು ಗಾನವೃಂದಗಳಿಗೂ ಇರುವ ರೋಗವಿದು. ಮಾರ್ಟಿನರ ಗೀತೆಗೆ ಆ ಆತುರವಿಲ್ಲ. ಅದನ್ನೊಳಗೊಂಡ 1964ರ ಧ್ವನಿಮುದ್ರಿಕೆಯಲ್ಲಿ ಪ್ರಾರ್ಥನಾಗೀತೆಗಳ ಜೊತೆಗೇ ಲೌಕಿಕ ಧಾಟಿಗಳೂ ಇವೆ. ಆಕೆ ನಡುವೆ ಗೆರೆ ಎಳೆದಿಲ್ಲ.